ಬೆಂಗಳೂರಲ್ಲಿ ಬಿಸಿಲು ಬೀಳುವ ಪುಟ್ಟ ಬಾಡಿಗೆ ಮನೆ ಹುಡುಕುವುದು ಹೇಗೆ?

‘ಗಾಳಿ ಬೆಳಕು ಚೆನ್ನಾಗಿದೆ.’ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಈ ಮಾತು ಕೇಳಿರುತ್ತೀರಿ. ಓನರ್ ಹೇಳುತ್ತಾರೆ, ಬ್ರೋಕರ್ ಹೇಳುತ್ತಾರೆ, ಆ್ಯಪ್‌ನಲ್ಲೂ ಅದನ್ನೇ ಬರೆದಿರುತ್ತಾರೆ. ನಾನು ಈ ಮಾತು ನಂಬಿ ಎರಡು ಮನೆಗೆ ಅಡ್ವಾನ್ಸ್ ಕೊಟ್ಟಿದ್ದೇನೆ.

ಮೊದಲನೆಯದು 30×40 ಸೈಟಿನ ಕಟ್ಟಡದಲ್ಲಿ, ಮೊದಲ ಮಹಡಿಯ ಹಿಂಭಾಗದ ಸಿಂಗಲ್ ಬೆಡ್‌ರೂಮ್ ಮನೆ. ಬೆಳಿಗ್ಗೆ 11 ಗಂಟೆಗೂ ಟ್ಯೂಬ್‌ಲೈಟ್ ಬೇಕಾಗುತ್ತಿತ್ತು. ಆಗಸ್ಟ್ ಬಂದರೆ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನ ಹಿಂದಿನ ಗೋಡೆಗೆ ಬೂಷ್ಟು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತಿತ್ತು. ಎರಡನೆಯ ಮನೆಯ ಕಥೆ ಮುಂದೆ ಹೇಳುತ್ತೇನೆ. ಮೂರನೇ ಸಲ ಹಟ ಹಿಡಿದು ಹುಡುಕಿದೆ. ಈಗಿರುವುದು 420 ಚದರಡಿಯ ಮನೆ. ಹಿಂದಿನ ಎರಡಕ್ಕಿಂತಲೂ ಚಿಕ್ಕದು. ಆದರೆ ಬೆಳಿಗ್ಗೆ ಏಳೂವರೆಗೆ ಅಡುಗೆಕಟ್ಟೆಯ ಮೇಲೆ ಎಳೆ ಬಿಸಿಲು ಬಿದ್ದಿರುತ್ತದೆ.

ಈ ಹುಡುಕಾಟದಲ್ಲಿ ನನಗೆ ಒಂದು ವಿಷಯ ಗಟ್ಟಿಯಾಯಿತು. ಮನೆಯ ಬೆಳಕು ಬಾಗಿಲಿನ ದಿಕ್ಕಿನಿಂದಾಗಲಿ, ಕಿಟಕಿಗಳ ಲೆಕ್ಕದಿಂದಾಗಲಿ ಗೊತ್ತಾಗುವುದಿಲ್ಲ. ಕಿಟಕಿಯಿಂದ ಎಷ್ಟು ಆಕಾಶ ಕಾಣುತ್ತದೆ, ನೀವು ಮನೆಯಲ್ಲಿರುವ ಹೊತ್ತಿಗೆ ಸೂರ್ಯ ಆ ಆಕಾಶದಲ್ಲಿ ಇರುತ್ತಾನಾ, ಇಷ್ಟು ನೋಡಬೇಕು. ಇದನ್ನು ಅಳೆಯಲು ನಿಮ್ಮ ಕೈ ಸಾಕು.

1. ಮೊದಲು ನಿಮ್ಮ ದಿನಚರಿ ಬರೆದುಕೊಳ್ಳಿ

ಬೆಳಿಗ್ಗೆ ಎಂಟೂವರೆಗೆ ಹೊರಟು ರಾತ್ರಿ ಬರುವವರಿಗೆ ಬೇಕಾದದ್ದು ಮುಂಜಾನೆಯ ಬಿಸಿಲು. ಮನೆಯಿಂದಲೇ ಕೆಲಸ ಮಾಡುವವರಿಗೆ ದಿನವಿಡೀ ಹದವಾದ ಬೆಳಕು ಬೇಕು. ಸುಡು ಬಿಸಿಲು ಲ್ಯಾಪ್‌ಟಾಪ್ ಪರದೆ ಮೇಲೆ ಬಿದ್ದರೆ ಕಷ್ಟ. ನೈಟ್ ಶಿಫ್ಟ್ ಇದ್ದರೆ ಮಲಗುವ ಕೋಣೆ ಪೂರ್ವಕ್ಕಿರಬಾರದು. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಗು ಇದ್ದರೆ ಹಗಲಿಡೀ ಯಾರಾದರೂ ಇರುತ್ತಾರೆ, ಹಾಗಾಗಿ ಹಾಲ್‌ನ ಬೆಳಕು ಮುಖ್ಯ. ‘ಬೆಳಕಿರಬೇಕು’ ಎಂದಷ್ಟೇ ಹೊರಟರೆ ಯಾವುದಕ್ಕೋ ಒಪ್ಪಿ ಬರುತ್ತೇವೆ.

2. ‘ಈಸ್ಟ್ ಫೇಸಿಂಗ್’ ಮಾತಿಗೆ ಮರುಳಾಗಬೇಡಿ

ನಮ್ಮಲ್ಲಿ ಈಸ್ಟ್ ಫೇಸಿಂಗ್ ಮನೆಗೆ ಬೇಡಿಕೆ ಜಾಸ್ತಿ. ವಾಸ್ತು ನಂಬುವವರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈಸ್ಟ್ ಫೇಸಿಂಗ್ ಎಂದರೆ ಮುಂಬಾಗಿಲು ಪೂರ್ವಕ್ಕಿದೆ ಎಂದರ್ಥ, ಅಷ್ಟೇ. ಫ್ಲ್ಯಾಟಿನಲ್ಲಿ ಆ ಬಾಗಿಲು ತೆರೆದರೆ ಕಾಣುವುದು ಕಾರಿಡಾರ್. ಅಲ್ಲಿ ಸೂರ್ಯ ಬರುವುದೇ ಇಲ್ಲ. ಬಂದರೂ ನಗರದಲ್ಲಿ ಹಗಲೆಲ್ಲ ಬಾಗಿಲು ತೆರೆದಿಟ್ಟು ಕೂರುವವರು ಎಷ್ಟು ಜನ? ಹಾಗಾಗಿ ಬಾಗಿಲು ಬಿಡಿ. ‘ಹಾಲ್ ಕಿಟಕಿ ಯಾವ ಕಡೆಗಿದೆ? ಬೆಡ್‌ರೂಮ್ ಕಿಟಕಿ ಯಾವ ಕಡೆಗೆ?’ ಎಂದು ಕೇಳಿ. ತಾವು ಬಾಡಿಗೆಗೆ ಕೊಡುತ್ತಿರುವ ಮನೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಎಷ್ಟೋ ಓನರ್‌ಗಳಿಗೆ ತಕ್ಷಣ ಹೇಳಲು ಬರುವುದಿಲ್ಲ. ನೀವೇ ಹೋಗಿ ಫೋನಿನ ಕಂಪಾಸ್‌ನಲ್ಲಿ ನೋಡಿಕೊಳ್ಳಿ. ಕಬ್ಬಿಣದ ಗ್ರಿಲ್ ಪಕ್ಕ ಹಿಡಿದರೆ ಕಂಪಾಸ್ ತಪ್ಪು ತೋರಿಸುತ್ತದೆ, ಮೂರು ನಾಲ್ಕು ಅಡಿ ಹಿಂದೆ ನಿಂತು ನೋಡಿ.

ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ಶೂನ್ಯ ನೆರಳಿನ ದಿನ ಅಂತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹುಟ್ಟುವ ಜಾಗವೂ ಒಂದೇ ಅಲ್ಲ. ಜೂನ್‌ನಲ್ಲಿ ನೇರ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಜೂನ್‌ನಲ್ಲಿ ಬಿಸಿಲು ಬೀಳುತ್ತಿದ್ದ ಕಿಟಕಿಗೆ ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಮೂಲೆ ಅಡ್ಡ ಬರುವುದು ಇದೇ ಕಾರಣಕ್ಕೆ.

ಇದನ್ನು ಮನೆಗೆ ಅನ್ವಯಿಸಿ ನೋಡಿ. ಪೂರ್ವದ ಕಿಟಕಿ ಎಲ್ಲರಿಗೂ ಒಗ್ಗುತ್ತದೆ. ಬೆಳಿಗ್ಗೆ ಬಿಸಿಲು ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತದೆ. ದಕ್ಷಿಣದ ಕಿಟಕಿಯನ್ನು ಜನ ಸುಮ್ನೆ ಬೇಡ ಅಂತಾರೆ. ನನ್ನ ಪ್ರಕಾರ ಅದು ಬೆಂಗಳೂರಿಗೆ ಬಹಳ ಒಳ್ಳೆಯದು. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿರುವಾಗ ಬಿಸಿಲು ಒಳಗೆ ಬರುತ್ತದೆ. 7 ಅಡಿ ಎತ್ತರದವರೆಗಿನ ಕಿಟಕಿಯಿಂದ ಡಿಸೆಂಬರ್ ಮಧ್ಯಾಹ್ನ ಸುಮಾರು 5 ಅಡಿ ಒಳಕ್ಕೆ ಬೀಳುತ್ತದೆ, ಸಜ್ಜೆ ಇದ್ದರೆ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರಿದಾಗ ಅದೇ ಸಜ್ಜೆ ಬಿಸಿಲನ್ನು ಹೊರಗೇ ತಡೆಯುತ್ತದೆ. ದಕ್ಷಿಣದ ಬಾಗಿಲು ಬೇಡ ಎಂದು ಜನ ಬಿಟ್ಟುಹೋಗುವ ಮನೆಗಳಲ್ಲಿ ಬಾಡಿಗೆ ಕಡಿಮೆ ಮಾಡಿ ಎಂದು ಕೇಳಲು ಅವಕಾಶವೂ ಇರುತ್ತದೆ. ಉತ್ತರದ ಕಿಟಕಿ ಓದುವವರಿಗೆ, ಚಿತ್ರ ಬರೆಯುವವರಿಗೆ ಚೆನ್ನ. ನೇರ ಬಿಸಿಲು ಕಡಿಮೆ, ಬೆಳಕು ಸ್ಥಿರ. ಪಶ್ಚಿಮದ ಕಿಟಕಿ ಮಾರ್ಚ್‌ನಿಂದ ಮೇವರೆಗೆ ಸಂಜೆ ಕೋಣೆಯನ್ನು ಕಾಯಿಸಿಬಿಡುತ್ತದೆ. ಎದುರಿಗೆ ಒಂದು ಹೊಂಗೆ ಮರವೋ ಮಳೆಮರವೋ ಇದ್ದರೆ ಮಾತ್ರ ನಾನು ಒಪ್ಪುತ್ತೇನೆ.

3. ಮುಷ್ಟಿ ಲೆಕ್ಕ ಕಲಿಯಿರಿ

ಇದು ಗೊತ್ತಿದ್ದರೆ ಜುಲೈ ಮೋಡದಲ್ಲಿ ಮನೆ ನೋಡಲು ಹೋದರೂ ಡಿಸೆಂಬರ್ ಬಿಸಿಲಿನ ಬಗ್ಗೆ ಹೇಳಬಹುದು.

ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಎತ್ತರ ನಿಮ್ಮ ಕಣ್ಣಿಗೆ ಸುಮಾರು 10 ಡಿಗ್ರಿ. ಕಣ್ಣಿನ ಮಟ್ಟದಿಂದ ಶುರು ಮಾಡಿ ಒಂದರ ಮೇಲೊಂದು ಮುಷ್ಟಿ ಇಡುತ್ತಾ ಎದುರಿನ ಕಟ್ಟಡದ ತುದಿ ಎಷ್ಟನೇ ಮುಷ್ಟಿಗೆ ಸಿಗುತ್ತದೆ ಎಂದು ಎಣಿಸಿ.

ದಕ್ಷಿಣದ ಕಿಟಕಿ: ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಐದು ಮುಷ್ಟಿಗಿಂತ ಸ್ವಲ್ಪ ಮೇಲಿರುತ್ತಾನೆ. ಎದುರಿನ ಕಟ್ಟಡ ಐದೂವರೆ ಮುಷ್ಟಿ ದಾಟಿದರೆ ಚಳಿಗಾಲದ ಮಧ್ಯಾಹ್ನದ ಬಿಸಿಲಿನ ಆಸೆ ಬಿಡಬೇಕು. ನಾಲ್ಕರೊಳಗಿದ್ದರೆ ಮಧ್ಯಾಹ್ನದ ಹಿಂದೆ ಮುಂದೆ ಕೆಲವು ಗಂಟೆ ಬಿಸಿಲು ಖಂಡಿತ.

ಪೂರ್ವದ ಕಿಟಕಿ: ಸೂರ್ಯ ಹುಟ್ಟಿದ ಮೇಲೆ ಗಂಟೆಗೆ ಹೆಚ್ಚುಕಡಿಮೆ ಒಂದೂಕಾಲು ಮುಷ್ಟಿಯಂತೆ ಮೇಲೇರುತ್ತಾನೆ. ಎದುರುಮನೆ ಮೂರು ಮುಷ್ಟಿ ಎತ್ತರವಿದ್ದರೆ ಡಿಸೆಂಬರ್‌ನಲ್ಲಿ ಬಿಸಿಲು ಬರುವಾಗ ಸುಮಾರು 9 ಗಂಟೆ. ನೀವು ಎಂಟೂವರೆಗೆ ಆಫೀಸಿಗೆ ಹೊರಟರೆ ವಾರದಲ್ಲಿ ಐದು ದಿನ ಆ ಬಿಸಿಲು ನಿಮ್ಮ ಪಾಲಿಗೆ ಇಲ್ಲ.

ರಸ್ತೆಯ ಅಗಲ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಎದುರಿಗೆ 42 ಅಡಿ ಎತ್ತರದ ಕಟ್ಟಡ ಇದೆ, ನಿಮ್ಮ ಕಣ್ಣು ಎರಡನೇ ಮಹಡಿಯಲ್ಲಿ 25 ಅಡಿ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ನಡುವೆ 30 ಅಡಿ ರಸ್ತೆ ಇದ್ದರೆ ಅದು ಮೂರು ಮುಷ್ಟಿ. 20 ಅಡಿ ಓಣಿಯಾದರೆ ನಾಲ್ಕು. ಅದೇ ಪಕ್ಕದ ಕಿಟಕಿಗೆ ಬನ್ನಿ. ಅಲ್ಲಿ ಎರಡು ಕಟ್ಟಡಗಳ ನಡುವೆ 4 ಅಡಿ ಸಂದಿ. ಲೆಕ್ಕ ಎಂಟು ಮುಷ್ಟಿಯ ಹತ್ತಿರ ಹೋಗುತ್ತದೆ. ಅಲ್ಲಿ ಕಾಣುವುದು ಒಂದು ಪಟ್ಟಿ ಆಕಾಶ. ‘ಮೂರು ಕಡೆ ಕಿಟಕಿ ಇದೆ’ ಎಂದು ಹೇಳುವ ಎಷ್ಟೋ ಮನೆಗಳಲ್ಲಿ ಎರಡು ಕಡೆಯ ಕಿಟಕಿಗಳು ಇಂಥ ಸಂದಿಗೇ ತೆರೆಯುತ್ತವೆ.

ಸನ್ ಸರ್ವೇಯರ್, ಸನ್ ಸೀಕರ್‌ನಂಥ ಆ್ಯಪ್‌ಗಳು ಫೋನಿನ ಕ್ಯಾಮೆರಾದಲ್ಲೇ ಸೂರ್ಯನ ದಾರಿ ತೋರಿಸುತ್ತವೆ. ಇಷ್ಟವಿದ್ದರೆ ಬಳಸಿ. ನನಗೆ ಮುಷ್ಟಿಯೇ ಸಾಕಾಯಿತು.

4. ಏರಿಯಾ, ಮಹಡಿ

ಹಳೆಯ ಬಡಾವಣೆಗಳಲ್ಲಿ ಬೆಳಕಿಗೆ ಅವಕಾಶ ಜಾಸ್ತಿ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು 1898ರ ಪ್ಲೇಗಿನ ನಂತರ. ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬಂದು ಗಾಳಿ ಬೆಳಕಿನಲ್ಲಿ ಬದುಕಲಿ ಎಂದು ಯೋಚಿಸಿ ಹಾಕಿದ ರಸ್ತೆಗಳು ಅವು. ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ, ಅಂದರೆ ಆಗ ಕಸ, ಮಲ ಸಾಗಿಸಲೆಂದು ಬಿಟ್ಟ ಕಿರುದಾರಿಗಳು. ಆ ಓಣಿಗೆ ಬೆನ್ನು ಹಾಕಿದ ಮನೆಯಲ್ಲಿ ಹಿಂದಿನ ಕೋಣೆಗೂ ಬೆಳಕು ಬರುತ್ತದೆ. ಬಾಡಿಗೆಯೂ ಜಾಸ್ತಿ ಎನ್ನುವುದು ನಿಜ. ಆದರೆ ಹಳೆಯ ಮನೆಗಳ ಮೇಲಿನ ಪುಟ್ಟ ಮಹಡಿ ಮನೆಗಳು, ಔಟ್‌ಹೌಸ್‌ಗಳು ಆ್ಯಪ್‌ಗೆ ಬರುವುದೇ ಕಡಿಮೆ. ಗೇಟಿಗೆ ಕಟ್ಟಿದ ‘ಮನೆ ಬಾಡಿಗೆಗೆ ಇದೆ’ ಬೋರ್ಡು ನೋಡಿಯೇ ಹಿಡಿಯಬೇಕು. ಬೀದಿಯ ಇಸ್ತ್ರಿ ಗಾಡಿಯವರನ್ನು, ಹೂವಿನವರನ್ನು ಕೇಳಿ. ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೊಸ ಬಡಾವಣೆಗಳಲ್ಲಿ 20×30, 30×40 ಸೈಟುಗಳು ಒತ್ತಾಗಿರುತ್ತವೆ. ಅಲ್ಲಿ ಕಾರ್ನರ್ ಸೈಟಿನ ಕಟ್ಟಡ, ಪಾರ್ಕಿನ ಎದುರು, ಶಾಲೆಯ ಮೈದಾನದ ಎದುರು, ರಾಜಕಾಲುವೆ ಬದಿ ಹುಡುಕಿ. ಕಾಲುವೆ ಬದಿಯಾದರೆ ವಾಸನೆ, ಸೊಳ್ಳೆ, ಮಳೆಗಾಲದ ನೀರು ಮೂರನ್ನೂ ವಿಚಾರಿಸಿ. ಹೊರಡುವ ಮೊದಲು ಗೂಗಲ್ ಮ್ಯಾಪ್ಸ್‌ನ ಸ್ಯಾಟಲೈಟ್ ನೋಟ ತೆರೆದರೆ ಕಟ್ಟಡಗಳ ನಡುವಿನ ಸಂದಿ, ಮರ, ಖಾಲಿ ಸೈಟು ಎಲ್ಲ ಕಾಣುತ್ತವೆ. ಇದರಿಂದ ನನಗೆ ಎಷ್ಟೋ ಓಡಾಟ ಉಳಿಯಿತು. ಮೆಟ್ರೋ ಮೇಲ್ಸೇತುವೆ ಪಕ್ಕದಲ್ಲಿ ಒಂದು, ಎರಡನೇ ಮಹಡಿಗಳಿಗೆ ನೆರಳೂ ಸದ್ದೂ ಎರಡೂ ಇರುತ್ತವೆ.

ಒಂದೇ ಮಹಡಿಯಲ್ಲಿ ಎರಡು ಮನೆ ಇದ್ದರೆ ರಸ್ತೆ ಕಡೆಯದನ್ನೇ ಕೇಳಿ. ಕೊನೆಯ ಮಹಡಿ ಬೆಳಕಿಗೆ ಒಳ್ಳೆಯದು, ಬೇಸಿಗೆಗೆ ಕಷ್ಟ. ಹಗಲೆಲ್ಲ ಕಾದ ತಾರಸಿ ರಾತ್ರಿ ಒಳಗೆ ಶಾಖ ಬಿಡುತ್ತದೆ. ಬೇಸಿಗೆಯಲ್ಲಿ ಅಂಥ ಮನೆ ನೋಡುವುದಾದರೆ ರಾತ್ರಿ ಎಂಟು ಗಂಟೆಗೆ ಒಮ್ಮೆ ಹೋಗಿ ಹತ್ತು ನಿಮಿಷ ಕುಳಿತು ಬನ್ನಿ. ತಾರಸಿಗೆ ಬಿಳಿ ಬಣ್ಣವೋ ಸುಣ್ಣವೋ ಬಳಿದಿದ್ದರೆ ಶಾಖ ಕಡಿಮೆ. ‘ಪೆಂಟ್‌ಹೌಸ್’ ಎಂದು ಹೇಳಿ ತಾರಸಿ ಮೇಲಿನ ಒಂಟಿ ಕೋಣೆ ತೋರಿಸುತ್ತಾರೆ. ನಾಲ್ಕೂ ಕಡೆ ಬೆಳಕಿರುತ್ತದೆ, ಮನಸ್ಸು ಕರಗಿಬಿಡುತ್ತದೆ. ಮೇಲೆ ಶೀಟ್ ಹಾಕಿದ್ದಾರಾ, ಕಾಂಕ್ರೀಟ್ ಇದೆಯಾ ನೋಡಿ. ಶೀಟ್ ಆದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ, ಜೋರು ಮಳೆಯಲ್ಲಿ ಫೋನಿನಲ್ಲಿ ಮಾತಾಡಲೂ ಆಗುವುದಿಲ್ಲ. ನಾನು ಹೆಚ್ಚು ಹುಡುಕಿದ್ದು ಕೊನೆಯದಕ್ಕಿಂತ ಒಂದು ಕೆಳಗಿನ ಮಹಡಿಯನ್ನು.

5. ಹೋಗುವ ಮೊದಲು ವಿಡಿಯೊ ಕೇಳಿ

ಫೋಟೊಗಳಲ್ಲಿ ಎಲ್ಲ ಲೈಟ್ ಹಾಕಿರುತ್ತಾರೆ. ವೈಡ್ ಆ್ಯಂಗಲ್‌ನಲ್ಲಿ ಕೋಣೆ ದೊಡ್ಡದಾಗಿ ಕಾಣುತ್ತದೆ. ‘ಎಲ್ಲ ಲೈಟ್ ಆರಿಸಿ, ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಯಿಂದ ಹೊರಗೆ ಕಾಣುವ ಹಾಗೆ ಒಂದು ಸಣ್ಣ ವಿಡಿಯೊ ಕಳಿಸ್ತೀರಾ?’ ಎಂದು ಕೇಳಿ. ಬೆಳಕಿರುವ ಮನೆಯವರು ಖುಷಿಯಿಂದ ಕಳಿಸುತ್ತಾರೆ. ಎರಡು ಸಲ ಕೇಳಿದರೂ ಬರದಿದ್ದರೆ ನಾನು ಆ ಮನೆಗೆ ಹೋಗುವುದಿಲ್ಲ.

6. ಮನೆಯೊಳಗೆ ನಿಂತಾಗ

ಹಗಲಿನಲ್ಲೇ ಹೋಗಿ. ಆಗುವುದಾದರೆ ನೀವು ಮನೆಯಲ್ಲಿರುವ ಹೊತ್ತಿಗೆ ಒಮ್ಮೆ, ಬೇರೆ ಹೊತ್ತಿಗೆ ಒಮ್ಮೆ. ಒಳಗೆ ಕಾಲಿಟ್ಟ ಕೂಡಲೇ ತೋರಿಸುವವರು ಸ್ವಿಚ್ ಒತ್ತುತ್ತಾರೆ. ‘ಸ್ವಲ್ಪ ಆರಿಸ್ತೀರಾ?’ ಎಂದು ಹೇಳಲು ಸಂಕೋಚ ಬೇಡ. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಒಳಗೆಲ್ಲ ಕತ್ತಲೆ ಅನಿಸುತ್ತದೆ, ಎರಡು ನಿಮಿಷ ಕಾಯಿರಿ.

ಆಮೇಲೆ ಒಂದು ಪೇಪರ್ ಹಿಡಿದು ಕಿಟಕಿಯಿಂದ ಅತಿ ದೂರದ ಮೂಲೆಗೆ ಹೋಗಿ. ಅಡುಗೆಕಟ್ಟೆ ಮುಂದೆಯೂ ನಿಲ್ಲಿ. ಸಣ್ಣಕ್ಷರ ಸಲೀಸಾಗಿ ಓದಲು ಆಗಬೇಕು. ಮೋಡದ ದಿನವೂ ಓದಲು ಆದರೆ ಆ ಮನೆ ಬಿಡಬೇಡಿ, ವರ್ಷವಿಡೀ ಬೆಳಕಿರುತ್ತದೆ. ನಂತರ ಮಂಚ ಅಥವಾ ಮೇಜು ಇಡುವ ಜಾಗದಲ್ಲಿ ನೆಲದ ಮೇಲೆ ಕೂರಿ. ಅಲ್ಲಿಂದ ಕಿಟಕಿಯಲ್ಲಿ ಚೂರಾದರೂ ಆಕಾಶ ಕಾಣುತ್ತದಾ? ಬರೀ ಎದುರಿನ ಗೋಡೆ ಕಂಡರೆ ಆ ಜಾಗ ಹಗಲಲ್ಲೂ ಮಂಕಾಗಿಯೇ ಇರುತ್ತದೆ.

ಕಿಟಕಿಯ ಅಳತೆಯನ್ನೂ ನೋಡಿ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಒಣ ಬಿಸಿಯ ಊರುಗಳಲ್ಲಿ ಕಿಟಕಿ ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು, ತೇವದ ಬಿಸಿಯ ಊರುಗಳಲ್ಲಿ ಆರನೇ ಒಂದು. 10×10 ಕೋಣೆಗೆ 4×4 ಅಡಿ ಕಿಟಕಿ ಇದ್ದರೆ ಹೆಚ್ಚುಕಡಿಮೆ ಆರನೇ ಒಂದಾಯಿತು. ಬಚ್ಚಲಿನ ಪೈಪುಗಳಿರುವ ಡಕ್ಟಿಗೆ ತೆರೆಯುವ ಕಿಟಕಿಯನ್ನು ನಾನು ಕಿಟಕಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸರಿ ಮಾಡಬಹುದಾದದ್ದು ಯಾವುದು, ಆಗದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಿ. ಧೂಳು ಹಿಡಿದ ಸೊಳ್ಳೆ ಜಾಲರಿ ತೊಳೆಯಬಹುದು. ಗಾಜಿನ ಕಪ್ಪು ಫಿಲ್ಮ್ ತೆಗೆಸಬಹುದು. ಕಡು ಬಣ್ಣದ ಗೋಡೆಗೆ ಬಿಳಿ ಬಳಿಸಿ ಎಂದು ಓನರ್‌ಗೆ ಕೇಳಬಹುದು. ಎದುರಿನ ಗೋಡೆಯನ್ನು ಸರಿಸಲು ಆಗುವುದಿಲ್ಲ.

ಗೋಡೆಯ ಕೆಳಭಾಗ, ಬೀರು ಇಡುವ ಮೂಲೆ, ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಹುಡುಕಿ. ಹೊಸ ಪೇಂಟ್ ಹೊಡೆದಿದ್ದರೆ ಕಪಾಟಿನ ಒಳಗೆ ಮೂಗಿಟ್ಟು ನೋಡಿ, ಅಲ್ಲಿ ಪೇಂಟ್ ಮಾಡಿರುವುದಿಲ್ಲ. ಈಗಿರುವ ಬಾಡಿಗೆದಾರರು ಸಿಕ್ಕರೆ ಒಂದೇ ಪ್ರಶ್ನೆ ಸಾಕು: ‘ಮಳೆಗಾಲದಲ್ಲಿ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತೆ?’ ಈ ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.

7. ಪಕ್ಕದ ಖಾಲಿ ಸೈಟು

ನನ್ನ ಎರಡನೆಯ ಮನೆ ಇದರಿಂದಲೇ ಹೋಯಿತು. ಎರಡನೇ ಮಹಡಿ, ಪೂರ್ವಕ್ಕೆ ದೊಡ್ಡ ಕಿಟಕಿ, ಆಚೆ ಖಾಲಿ ಸೈಟಿನಲ್ಲಿ ಒಂದು ಸೀಬೆ ಮರ. ಕಿಟಕಿಯ ಅಂಚಿನಲ್ಲಿ ತುಳಸಿ, ದೊಡ್ಡಪತ್ರೆ ಬೆಳೆಸಿದ್ದೆ. ಐದನೇ ತಿಂಗಳಿಗೆ ಸೈಟಿನಲ್ಲಿ ಬೋರ್‌ವೆಲ್ ಲಾರಿ ಬಂತು. ವರ್ಷ ತುಂಬುವಷ್ಟರಲ್ಲಿ ಕಿಟಕಿಯಿಂದ ಕೈ ಚಾಚಿದರೆ ಇಟ್ಟಿಗೆ ಗೋಡೆ ಸಿಗುತ್ತಿತ್ತು. ತುಳಸಿ ಒಣಗಿತು. ಆ ಸೈಟಿನಲ್ಲಿ ಮನೆ ಕಟ್ಟುತ್ತಾರೆ ಎಂದು ನಮ್ಮ ಓನರ್‌ಗೆ ಮೊದಲೇ ಗೊತ್ತಿತ್ತಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಖಾಲಿ ಸೈಟಿನಿಂದ ಬೆಳಕು ಬರುತ್ತಿದ್ದರೆ ಅದು ಎಷ್ಟು ದಿನ ಉಳಿಯುತ್ತದೆ ಎಂದು ಮೊದಲು ವಿಚಾರಿಸಿ. ಮರಳು, ಜಲ್ಲಿ ರಾಶಿ, ಶೀಟಿನ ಶೆಡ್, ಹೊಸ ಕಾಂಪೌಂಡ್, ಸೀಮೆಸುಣ್ಣದ ಗುರುತು ಇವೆಯಾ ನೋಡಿ. ಒಂದೇ ಮಹಡಿಯ ಹಳೆ ಹೆಂಚಿನ ಮನೆ ಪಕ್ಕದಲ್ಲಿದ್ದರೂ ಇದೇ ಕಥೆ, ಅದು ಯಾವಾಗ ಬೇಕಾದರೂ ಒಡೆದು ನಾಲ್ಕು ಮಹಡಿಯಾಗಬಹುದು. ಬೀದಿಯಲ್ಲಿ ಇಬ್ಬರನ್ನಾದರೂ ಕೇಳಿ. ‘ನನ್ನ ಕಿಟಕಿಗೆ ಅಡ್ಡ ಕಟ್ಟಬೇಡಿ’ ಎಂದು ಹೇಳಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. 1882ರ ಈಸ್ಮೆಂಟ್ಸ್ ಕಾಯ್ದೆಯಲ್ಲಿ ಬೆಳಕಿನ ಹಕ್ಕು ಇದೆ ನಿಜ. ಆದರೆ ಅದಕ್ಕೆ 20 ವರ್ಷ ಅಡೆತಡೆಯಿಲ್ಲದೆ ಆ ಬೆಳಕು ಬರುತ್ತಿರಬೇಕು. 11 ತಿಂಗಳ ಬಾಡಿಗೆದಾರರು ಅದನ್ನು ನೆಚ್ಚಿ ಕೂರಲು ಆಗುವುದಿಲ್ಲ.

8. ಮಾತುಕತೆ, ಅಗ್ರಿಮೆಂಟ್

ಬೆಳಕಿರುವ ಮನೆಗೆ ಒಂದೆರಡು ಸಾವಿರ ಜಾಸ್ತಿ ಕೊಡಲು ನಾನು ತಯಾರು, ಬದಲಿಗೆ ನೂರು ಚದರಡಿ ಬಿಡುತ್ತೇನೆ. ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದಲ್ಲಿ ಮಾತ್ರ ಜಾರಿ. ಬೆಂಗಳೂರಿನಲ್ಲಿ ಐದು, ಆರು, ಕೆಲವೆಡೆ ಹತ್ತು ತಿಂಗಳದ್ದೂ ಕೇಳುತ್ತಾರೆ. ಕೇಳಿದಷ್ಟಕ್ಕೆ ತಲೆಯಾಡಿಸಬೇಡಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯೂ ಇದೆ. ಅದೆಷ್ಟು ಎಂದು ಈಗಲೇ ಬರೆಸಿ.

ಬೆಳಕಿಗೆ ಸಂಬಂಧಿಸಿದ ಎರಡು ಮಾತು ಅಗ್ರಿಮೆಂಟಿನಲ್ಲಿ ಇರಲಿ. ಒಂದು, ಬಟ್ಟೆ ಹಾಸಿಗೆ ಒಣಗಿಸಲು ತಾರಸಿ ಬಳಸಬಹುದು, ಬೀಗದ ಕೀ ಸಿಗುತ್ತದೆ ಎಂದು. ಬಾಯಿ ಮಾತಿನಲ್ಲಿ ಹೂಂ ಎಂದು ಆಮೇಲೆ ತಾರಸಿಗೆ ಬೀಗ ಹಾಕುವುದು ಇಲ್ಲಿ ತುಂಬಾ ಸಾಮಾನ್ಯ. ಎರಡು, ಲಾಕ್-ಇನ್ ಅವಧಿ (ಇಷ್ಟು ತಿಂಗಳೊಳಗೆ ಮನೆ ಬಿಟ್ಟರೆ ದಂಡ ಎನ್ನುವ ಷರತ್ತು) ಇದ್ದರೆ, ಪಕ್ಕದಲ್ಲಿ ಕಟ್ಟಡ ಎದ್ದು ಕಿಟಕಿ ಮುಚ್ಚಿದರೆ ಒಂದು ತಿಂಗಳ ನೋಟಿಸ್ ಕೊಟ್ಟು ದಂಡವಿಲ್ಲದೆ ಬಿಡಬಹುದು ಎಂದು. ಈ ಸಾಲು ಕೇಳಿದಾಗ ನಮ್ಮ ಈಗಿನ ಓನರ್ ಸ್ವಲ್ಪ ಯೋಚಿಸಿ, ‘ಆಯ್ತಮ್ಮ, ಬರೀರಿ’ ಎಂದರು.

9. ಸಾಮಾನು ಇಳಿಸುವ ಮೊದಲು

ಕೀ ಸಿಕ್ಕ ಮೇಲೆ, ಆಗುವುದಾದರೆ ಒಂದು ಇಡೀ ದಿನ ಖಾಲಿ ಮನೆಯಲ್ಲಿ ಇರಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ಬಿಸಿಲು ಬಿದ್ದ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೀರು, ಫ್ರಿಜ್‌ನಂಥ ಎತ್ತರದ ಸಾಮಾನು ಆ ಗೆರೆಗಳಿಂದ ಹೊರಗೆ, ಕಿಟಕಿ ಇರುವ ಗೋಡೆಗೇ ಒರಗಲಿ. ಎದುರಿನ ಗೋಡೆ ಖಾಲಿ ಇದ್ದರೆ ಅದು ಬೆಳಕನ್ನು ಕೋಣೆಗೆಲ್ಲ ಹಂಚುತ್ತದೆ. ಪರದೆಯ ಸರಳನ್ನು ಕಿಟಕಿಗಿಂತ ಎರಡೂ ಕಡೆ ಅರ್ಧ ಅಡಿ ಉದ್ದ ಹಾಕಿಸಿ. ಪರದೆ ಸರಿಸಿದಾಗ ಅದು ಗಾಜಿನ ಮೇಲೆ ನಿಲ್ಲದೆ ಗೋಡೆಯ ಮೇಲೆ ನಿಲ್ಲಬೇಕು. ಬೆಳಗಿನ 8ರ ಗೆರೆಯೊಳಗೆ ಕುರ್ಚಿಯೊಂದನ್ನು ಬಿಟ್ಟು ಬೇರೇನೂ ಇಡಬೇಡಿ.